ಡಿಟಿಪಿ ಅಕ್ಕನ ನಾಲ್ಕು ಸಾಲು

ಮೊನ್ನೆ ತುಮಕೂರಿನ ಬಟವಾಡಿಯ ನಮ್ಮ ಮನೆಗೆ ಒಂದು ಗೃಹಪ್ರವೇಶದ ಪತ್ರಿಕೆ ಬಂತು. ಮೂಲೆಗಳಲ್ಲಿ ಅರಿಶಿನ, ಒಳಗೆ ಹೊಸ ಇಂಕಿನ ವಾಸನೆ. ತಾರೀಖನ್ನು ಕನ್ನಡ ಅಂಕಿಗಳಲ್ಲಿ ಅಚ್ಚು ಹಾಕಿಸಿದ್ದರು. ನೋಡುತ್ತಿದ್ದಂತೆ ಗುಬ್ಬಿಯ ಡಿಟಿಪಿ ಅಕ್ಕ ನೆನಪಾದರು...

ಆಗ ನಾನು ಗುಬ್ಬಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಅಕ್ಕ ದಿನವೂ ಚೇಳೂರಿನಿಂದ ಬಸ್ಸಿನಲ್ಲಿ ಬಂದು ತಮ್ಮ ಡಿಟಿಪಿ ಅಂಗಡಿ ತೆರೆಯುತ್ತಿದ್ದರು. ಲಗ್ನಪತ್ರಿಕೆ, ನಾಮಕರಣ, ತಿಥಿ ಕಾರ್ಡು, ಎಲ್ಲವೂ ಅವರ ಕೈಯಲ್ಲೇ ಟೈಪ್ ಆಗಬೇಕು. ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ಬದಲಿಸುವ ನನ್ನದೊಂದು ಪುಟ್ಟ ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಕೋಡ್ ತಿದ್ದಿ ಕಳಿಸಬಹುದು. ನಾನು ಒಪ್ಪಿದರೆ ಅದು ಸೇರುತ್ತದೆ, ಯಾರು ಏನು ತಿದ್ದಿದರೆಂದು ಗಿಟ್ ಎಂಬ ದಾಖಲೆ ವ್ಯವಸ್ಥೆ ಹೆಸರು ಸಮೇತ ಬರೆದಿಟ್ಟುಕೊಳ್ಳುತ್ತದೆ. ಅಕ್ಕನೂ ಅದನ್ನೇ ಬಳಸುತ್ತಿದ್ದರು. ಆದರೆ ಅದರಲ್ಲಿ ಕನ್ನಡ ಅಂಕಿಗಳು ಮಾಯವಾಗುತ್ತಿದ್ದವು. ಮುಹೂರ್ತದ ತಾರೀಖೇ ಇಲ್ಲದ ಪತ್ರಿಕೆ ಹಿಡಿದು ಅಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡರು. ನೀವೇ ಸರಿಮಾಡಿ ಕಳಿಸಿ ಎಂದು ರೇಗಿಸಿದೆ. ಅವರು ನಿಜವಾಗಿಯೂ ಕಲಿಯಲು ಕೂತರು.

“ನನ್ನೆಸ್ರು ಬರ್ತದಾ ಸರ್ ಅದ್ರಲ್ಲಿ?”

“ಬರುತ್ತೆ ಅಕ್ಕ. ಯಾರೂ ಅಳ್ಸಕ್ಕಾಗಲ್ಲ.”

“ಊರೋರ ಹೆಸ್ರೆಲ್ಲ ಟೈಪ್ ಮಾಡಿದೀನಿ, ನನ್ನೆಸ್ರು ಎಲ್ಲೂ ಇಲ್ಲ. ಬಂದ್ರೆ ನಮ್ಮನೆಯವ್ರಿಗೆ ತೋರಿಸ್ತೀನಿ.”

ಎರಡು ತಿಂಗಳ ಮೇಲೆ ಅವರ ನಾಲ್ಕು ಸಾಲು ಕೋಡ್ ಬಂತು. ತಿದ್ದಿದ್ದು ಸರಿಯಾಗಿತ್ತು, ಜೊತೆಗೆ ಬೇಡದ ಫೈಲುಗಳೂ ಬಂದಿದ್ದವು. ತೆಗೆದು ಕಳಿಸಿ ಎಂದೆ. ಮತ್ತೆ ಅದೇ ತಪ್ಪು. ಮೌಲ್ಯಮಾಪನದ ಸಮಯ, ನನಗೆ ತಾಳ್ಮೆ ಇರಲಿಲ್ಲ. ಅದೇ ನಾಲ್ಕು ಸಾಲನ್ನು ನಾನೇ ಟೈಪ್ ಮಾಡಿ ಸೇರಿಸಿ, ಅವರು ಕಳಿಸಿದ್ದನ್ನು ಒಪ್ಪದೆ ಮುಚ್ಚಿಬಿಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ಕಾಫಿ ಕುಡಿದೆ.

ಆ ವಾರ ಅಂಗಡಿಗೆ ಹೋದಾಗ ಅಕ್ಕ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಪ್ರೋಗ್ರಾಮಿನ ಪುಟ ತೆರೆದಿದ್ದರು.

“ಇಲ್ಲಿ ನಿಮ್ಮೆಸ್ರು ಅದೆ ಸರ್.”

ನಾನು ಬೇಡದ ಫೈಲುಗಳ ವಿಷಯ ಹೇಳಲು ಹೊರಟೆ.

“ಇರ್ಲಿ ಬುಡಿ, ಅಂಕಿ ಸರ್ಯಾಗಿ ಬರ್ತಾವಲ್ಲ” ಎಂದು ಅವರು ಪ್ರಿಂಟರಿಗೆ ಹಾಳೆ ತುಂಬಲು ಎದ್ದರು. ಗಂಡ ಇನ್ನೂ ಪರದೆಯನ್ನೇ ನೋಡುತ್ತಿದ್ದರು...

ಆಮೇಲೆ ಅಕ್ಕ ಏನನ್ನೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಕೆಲಸ ಬದಲಾಗಿ ತುಮಕೂರಿಗೆ ಬಂದೆ. ಹೋದ ವರ್ಷ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, ಅಕ್ಕ ತೀರಿಕೊಂಡರು ಎಂದರು. “ಹೌದಾ” ಎಂದೆ. ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಅವರಿಗೆ ಅನ್ಯಾಯ ಮಾಡಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.

ಇವತ್ತು ಬೆಳಿಗ್ಗೆ ಆ ಪುಟ ತೆರೆದೆ. ಹಳೆಯ ದಾಖಲೆಯನ್ನೇ ತಿದ್ದಲು ಹೋದರೆ, ಅದನ್ನು ಇಳಿಸಿಕೊಂಡವರ ಪ್ರತಿಗಳೆಲ್ಲ ಎಡವಟ್ಟಾಗುತ್ತವೆ. ಹಾಗಾಗಿ ಕೆಲಸ ಮಾಡಿದವರ ಪಟ್ಟಿಗೆ ಅಕ್ಕನ ಪೂರ್ತಿ ಹೆಸರು ಸೇರಿಸಿದೆ. ನೋಡಲು ಅವರಿಲ್ಲ. ಅವರ ಹೆಸರಿರುವ ಆ ಸಾಲನ್ನು ಬರೆದವರು ಯಾರು ಎಂದು ಕೇಳಿದರೆ, ಗಿಟ್ ಮತ್ತೆ ನನ್ನ ಹೆಸರನ್ನೇ ಹೇಳುತ್ತದೆ.