ಪೂಜೆಗೆ ಕೂತ ಕಿವಿಕಲ್ಲು

ಮೊಮ್ಮಗಳ ಜೊತೆ ವಸ್ತುಸಂಗ್ರಹಾಲಯ ಸುತ್ತುತ್ತಿದ್ದವಳು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಒಳಗೆ ತೊಗರಿಬೇಳೆಯಷ್ಟು ದೊಡ್ಡ ಬಿಳಿ ಚೂರುಗಳು. ಅಗೆತದಲ್ಲಿ ಸಿಕ್ಕ ಮೀನಿನ ಕಿವಿಮೂಳೆಗಳಂತೆ. ಅವುಗಳ ಗೆರೆ ಎಣಿಸಿದರೆ ಮೀನಿನ ವಯಸ್ಸು, ಹಿಡಿದ ಕಾಲ ಎಲ್ಲ ತಿಳಿಯುತ್ತದಂತೆ. ಮೊಮ್ಮಗಳು ಓದಿ ಹೇಳಿದಳು. ನನಗೆ ಮೀನಜ್ಜಿ ನೆನಪಾದಳು...

ಮೆಟ್ಟೂರು ಅಣೆಕಟ್ಟು ಏಳುತ್ತಿದ್ದ ಕಾಲ. ಅಲ್ಲೇ ಹತ್ತಿರದ ಮೇಚೇರಿಯ ನೇಕಾರರ ಮನೆಗೆ ನಾನು ಹೊಸ ಸೊಸೆ. ಮೀನಿನ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ ಅದು. ಆದರೂ ಸಂತೆಯ ದಿನ ಬುಟ್ಟಿ ಖಾಲಿಯಾದ ಮೇಲೆ ಮೀನು ಮಾರುವ ಮೀನಜ್ಜಿ ನಮ್ಮ ಹಿತ್ತಿಲ ಬೇವಿನ ನೆರಳಿಗೆ ಬಂದು ನೀರು ಕೇಳುತ್ತಿದ್ದಳು. ನಾನು ಎತ್ತರದಿಂದ ಸುರಿಯುತ್ತಿದ್ದೆ, ಅವಳು ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಅವಳದು ಹೊಳೆದಂಡೆಯ ಊರು. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಊರು.

ಮುಳುಗುವ ಮೊದಲು ಬಿಳಿ ದೊರೆಯೊಬ್ಬ ಅಲ್ಲಿನ ಹಳೇ ದಿಬ್ಬವನ್ನು ಅಗೆಸಿದ. ನೋಡಲು ಹೋದ ನಮ್ಮ ಮಾವ ಅಗೆದು ಚೆಲ್ಲಿದ ಮಣ್ಣಿನಿಂದ ಐದು ಬಿಳಿ ಕಲ್ಲು ಹೆಕ್ಕಿ ತಂದರು. ಮಣ್ಣಿನೊಳಗಿದ್ದೂ ಇಷ್ಟು ನುಣುಪು, ಇದು ಸ್ವಾಮಿಯೇ ಎಂದು ದೇವರ ಗೂಡಿನಲ್ಲಿಟ್ಟು ಗಂಧ ಹಚ್ಚಿದರು. ನಮ್ಮ ಮಾವನ ಭಕ್ತಿಗೆ ಎದುರಾಡುವವರು ಇನ್ನೂ ಹುಟ್ಟಿರಲಿಲ್ಲ!

ಒಂದು ಸಂತೆಯ ದಿನ ಹಿತ್ತಿಲಲ್ಲಿ ಅವನ್ನು ತೊಳೆಯುತ್ತಿದ್ದೆ. ಮೀನಜ್ಜಿ ಬಗ್ಗಿ ನೋಡಿದವಳೇ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

"ಅಯ್ಯೋ ನನ್ನವ್ವಾ, ಇದು ಮೀನಿನ ಕಿವಿಕಲ್ಲು ಕಣೇ. ದಿನಾ ಮೀನಿನ ತಲೆ ಒಡೆಯೋಳ್ಗೆ ಗೊತ್ತಾಗಲ್ವಾ?"

ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವಳ ನಗು ನಿಂತಿತು.

"ನಮ್ಮೂರ್ದಾ... ಅಂಗಾದ್ರೆ ಆ ಕಾಲ್ದಾಗೂ ಅಲ್ಲಿ ಮೀನು ಬೇಯ್ಸಿ ತಿಂದವ್ರೆ. ನಮ್ಮಂಗೇನೇ." ಆಮೇಲೆ ದನಿ ತಗ್ಗಿಸಿ ಅಂದಳು: "ನಿಮ್ಮಾವಂಗೆ ಏಳ್ಬೇಡ. ಪಾವಂ, ನೊಂದ್ಕತ್ತಾರೆ."

ಊರು ಬಿಡುವ ಮುಂಚೆ ಕೊನೆಯ ಸಂತೆಗೆ ಬಂದವಳು ಮಾವನನ್ನೇ ಕೇಳಿದಳು: "ಸಾಮಿ, ಅದ್ರಾಗೆ ಒಂದ್ ಕಲ್ಲು ಕೊಡಿ. ನಮ್ಮೂರ್ದು ಅಂತ ಮಡಿಕ್ಕತ್ತೀನಿ."

"ಮೀನು ಮುಟ್ಟೋ ಕೈಗೆ ದೇವ್ರಾ? ಓಗು, ಓಗು!" ಎಂದರು ಮಾವ.

ಒಂದು ಮಾತು ಸಾಕಿತ್ತು. ಅದು ಮೀನಿನದೆಂದು ಅವಳು ಅಂದಿದ್ದರೆ ಮಾವನೇ ಐದನ್ನೂ ಎಸೆಯುತ್ತಿದ್ದರು, ಅವಳು ಹೆಕ್ಕಿಕೊಳ್ಳುತ್ತಿದ್ದಳು. ಅನ್ನಲಿಲ್ಲ. ನನ್ನ ಮುಖ ಒಮ್ಮೆ ನೋಡಿ ಬುಟ್ಟಿ ಎತ್ತಿಕೊಂಡಳು. ನಾನೂ ಬಾಯಿ ಬಿಡಲಿಲ್ಲ. ಹೊಸ ಸೊಸೆ, ಹೆದರಿಕೆ... ನಾಚಿಕೆಯಾಗುತ್ತದೆ ಈಗ.

ಮಾವ ತೀರಿಕೊಂಡ ವರ್ಷ ಒಂದು ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಅವಳು ಹೋಗಿ ನೆಲೆಸಿದ್ದಳೆಂದು ಕೇಳಿದ್ದ ಕಾರಿಮಂಗಲಕ್ಕೆ ಹೋದೆ. ಅವಳು ಸತ್ತು ಎರಡು ಮಳೆಗಾಲ ಕಳೆದಿತ್ತು. ಕಲ್ಲು ಮತ್ತೆ ಗೂಡಿಗೇ ಬಂತು.

"ಅಜ್ಜಿ, ಇದು ನಮ್ಮನೆ ಸಾಮಿ ಗೂಡ್ನಾಗೆ ಐತಲ್ಲ?" ಮೊಮ್ಮಗಳು ಗಾಜಿನ ಪೆಟ್ಟಿಗೆ ತೋರಿಸಿ ಕೈ ಜಗ್ಗಿದಳು.

"ಅದು ನಮ್ದಲ್ಲ ಕಣೇ," ಅಂದೆ. "ಒಬ್ಬ ಅಜ್ಜೀದು. ಕೇಳಿದ್ಲು, ನಾವು ಕೊಡ್ಲಿಲ್ಲ."