ಬಾಣಂತಿ ಪೈಕಿ

ಇಲ್ಲ... ನಂಬಲು ಆಗುತ್ತಿಲ್ಲ.
ನಮ್ಮ ವಿಮಲಾ ಸಿಸ್ಟರ್ ಇನ್ನಿಲ್ಲವಂತೆ...
ಬೆಳಿಗ್ಗೆ ಕಂಪ್ಲಿಯಿಂದ ಅವರ ಮಗಳ ಫೋನ್. ಹಾರ್ಟ್ ಅಟ್ಯಾಕ್.

ಮೊನ್ನೆ ತಾನೇ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು.
ನನ್ನ ಹೊಟ್ಟೆ ನೋಡಿ, "ಲೇ ತಮ್ಮಾ, ನಿಂಗೆಷ್ಟು ತಿಂಗಳೋ?" ಎಂದು ನಕ್ಕಿದ್ದರು...

ಕೂತಲ್ಲಿ ಕೂರಲಾಗುತ್ತಿಲ್ಲ. ಚಪ್ಪಲಿ ಹಾಕಿದೆ, ಬಿಚ್ಚಿದೆ.
ಕಂಪ್ಲಿ ಬಸ್ಸಿಗೆ ಇನ್ನೂ ಹೊತ್ತಿದೆ... ಅದಕ್ಕೇ ಬರೆಯುತ್ತಿದ್ದೇನೆ.

ಮೈನಿಂಗ್ ಜೋರಾಗಿದ್ದ ಕಾಲ. ಸಂಡೂರು ಕಡೆಯ ಒಂದು ಆಸ್ಪತ್ರೆ.
ಅವರು ಹೆರಿಗೆ ವಾರ್ಡಿನ ನರ್ಸ್, ನಾನು ಲ್ಯಾಬ್ ಟೆಕ್ನಿಷಿಯನ್.
ದೊಡ್ಡ ಮನೆಯ ಬಾಣಂತಿಯರಿಗೆ ಒಳಗೆ ಮಂಚ.
ಗಣಿ ಕೂಲಿಯವರಿಗೆ, ಕೇರಿಯವರಿಗೆ ವರಾಂಡದಲ್ಲಿ ಚಾಪೆ...
ಯಾರೂ ಬರೆದಿಟ್ಟ ರೂಲ್ ಅಲ್ಲ. ಎಲ್ಲರಿಗೂ ಗೊತ್ತಿದ್ದ ರೂಲ್.
ವರಾಂಡಕ್ಕೆ ಡಾಕ್ಟರ್ ಬರುವುದು ಕಡೆಗೆ. ಒಂದು ಕೂಸು ಅಲ್ಲೇ ಹೋಯಿತು...

ಅದಾದ ಮೇಲೆ ಒಂದು ದಿನ, ಬಂಡ್ರಿ ಕಡೆಯ ಶೆಡ್ಡಿನಲ್ಲಿ ಹೆತ್ತವಳನ್ನು ಅದಿರು ಲಾರಿಯಲ್ಲೇ ತಂದರು.
ರಕ್ತ ನಿಲ್ಲುತ್ತಿರಲಿಲ್ಲ. ಕೂಸಿನ ನೆತ್ತಿಯ ಮೇಲೂ ಕೆಂಪು ಧೂಳು.

ಸಿಸ್ಟರ್... ನೆನಪಿದೆಯಾ ನಿಮಗೆ?
ಸ್ಟ್ರೆಚರನ್ನು ಸೀದಾ ಒಳಗೆ ತಂದಿರಿ ನೀವು.
ಪಕ್ಕದ ಮಂಚದ ಬಾಣಂತಿಯ ಅತ್ತೆ ಎದ್ದು ಅಡ್ಡ ನಿಂತರು.
"ನಮ್ಮ ಸೊಸಿ ಬಾಜೂಕ ಬ್ಯಾಡ್ರಿ. ಯಾರ ಪೈಕಿನೋ, ಯಾವ ಜಾತಿನೋ!"
"ಬಾಣಂತಿ ಪೈಕಿ ರೀ. ನಿಮ್ಮ ಸೊಸಿನೂ ಅದ ಪೈಕಿ. ಸರೀರಿ ಅತ್ಲಾಗ!"
ನನಗೂ ಬೈಗುಳ ಬಿತ್ತು.
"ನೋಡ್ಕೊಂತ ನಿಂತಿಯೇನ್ಲೇ? ಡಾಕ್ಟರನ್ನ ಕರಿ, ಜಲ್ದಿ!"
ಓಡಿದೆ...

ತಾಯಿ ಉಳಿದಳು. ಕೂಸೂ ಉಳಿಯಿತು.
ನಿಮ್ಮ ಮೇಲೆ ಕಂಪ್ಲೇಂಟ್ ಹೋಯಿತು, ಮೆಮೊ ಬಂತು.
ನೀವೋ... ವರಾಂಡದ ಚಾಪೆಗಳನ್ನೆಲ್ಲ ಸುತ್ತಿ ಸ್ಟೋರ್ ರೂಮಿಗೆ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ!
ಆಮೇಲೆ ಅಲ್ಲಿದ್ದಷ್ಟು ವರ್ಷ ಅದನ್ನು ಯಾರ ಕೈಗೂ ಕೊಡಲಿಲ್ಲ. ಮಂಚ ಸಾಲದಿದ್ದರೆ ಒಂದರಲ್ಲಿ ಇಬ್ಬರು. ಯಾರಾದರೂ ಸರಿ.
ಎಷ್ಟು ಬೈಸಿಕೊಂಡಿರಿ ಸಿಸ್ಟರ್... ಎಷ್ಟು ಬೈದಿರಿ!

ಇದನ್ನು ಬರೆಯುತ್ತಿರುವಾಗಲೇ ನಮ್ಮ ಆಸ್ಪತ್ರೆಯ ಹಳಬರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರ ಮೆಸೇಜ್.
"ಭಾಳ ಬ್ಯಾಸರಾತ್ರಿ... ಅಂದಂಗ, ಸಿಸ್ಟರ್ ಯಾರ ಪೈಕಿ?"

ಮೈಯೆಲ್ಲ ಉರಿದುಹೋಯಿತು. ಇವತ್ತೂ ಅದೇ ಪ್ರಶ್ನೆ... ನಿಮ್ಮ ಬಗ್ಗೆಯೇ!
ಇಷ್ಟು ವರ್ಷದ ಒಡನಾಟ, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.
ಏನೇನೋ ಟೈಪ್ ಮಾಡಿದೆ, ಅಳಿಸಿದೆ...
ಕೊನೆಗೆ ಇಷ್ಟೇ ಕಳಿಸಿದೆ.
"ನಮ್ಮ ಪೈಕಿ ರೀ."

ಹೋಗಿ ಬನ್ನಿ ಸಿಸ್ಟರ್...
ನಿಮ್ಮ ಆತ್ಮಕ್ಕೆ ನೆಮ್ಮದಿ ಇರಲಿ.
ಅಲ್ಲಿ ನಿಮ್ಮನ್ನು ಯಾರೂ ವರಾಂಡದಲ್ಲಿ ಕೂರಿಸದಿರಲಿ. 🙏