ನರ್ಸಮ್ಮ ನನ್ನನ್ನು ಕರೆದ ಬಗೆ

ಗಂಡುಹುಡುಗನೆಂದು ಬೆಳೆಸಿದ ಮನೆಯಿಂದ ಹೊರಬಂದು, ಹೆಣ್ಣಾಗಿ ಬಾಳುತ್ತ, ತಮಿಳುನಾಡಿನ ಕರುಮತ್ತಂಪಟ್ಟಿಯ ಪವರ್‌ಲೂಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಜ್ವರ ಬಂದಾಗ ಅಲ್ಲಿನ ಸಣ್ಣ ಆಸ್ಪತ್ರೆಗೆ ಹೋದೆ. ಚೀಟಿಯಲ್ಲಿದ್ದ ಹಳೆಯ ಹೆಸರನ್ನು ಎಲ್ಲರೆದುರು ಕೂಗುತ್ತಾರೆಂಬ ಅಂಜಿಕೆಯಲ್ಲಿ ಮೂಲೆ ಹಿಡಿದು ಕುಳಿತಿದ್ದೆ.

ತಲೆ ನರೆತ ನರ್ಸಮ್ಮ ಹೆಸರು ಕೂಗಲಿಲ್ಲ. ಫೋನಿನಲ್ಲಿ ನಾನಾಡಿದ ಕನ್ನಡ ಕೇಳಿಸಿಕೊಂಡಿದ್ದರೇನೋ, ಹತ್ತಿರ ಬಂದು ನಮ್ಮ ಮನೆಮಾತಿನಲ್ಲೇ ಮೆಲ್ಲಗೆ ಕೇಳಿದರು.

"ಟ್ರೈನಿಂಗ್‌ಲಿ ಕೇಳ್ಬೇಕು ಅಂದವ್ರೆ. ನಿಮ್ಮನ್ನ ಹೆಂಗೆ ಕರೀಲಿ?"

"ಎಲ್ಲಾರೂ ಅಕ್ಕಾ ಅಂತಾರೆ."

ಅವರು ನರೆಗೂದಲನ್ನೊಮ್ಮೆ ಸವರಿಕೊಂಡರು. ಆದರೂ ಕಲಿತ ಪಾಠ ಬಿಡಲಿಲ್ಲ. "ಅಕ್ಕಾ, ಬನ್ನಿ. ಅಕ್ಕಾ, ನಾಲಿಗೆ ಚಾಚಿ" ಎಂದು ಶುರು ಮಾಡಿದರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು, "ಇವಳು ನಿನಗಿಂತ ದೊಡ್ಡವಳಾ?" ಎಂದು ತಮಿಳಿನಲ್ಲಿ ಕೇಳಿದರು. ಜ್ವರದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಸೂಜಿ ಹೊರಬಂತು. ಅದನ್ನು ಕಂಡದ್ದೇ ನಾನು ಎದ್ದು ಬಾಗಿಲ ಕಡೆ ಹೊರಟೆ.

"ಎಲ್ಲಿಗೆ ಓಡ್ತೀಯ? ಬಾ ಮಗಳೇ, ಕೂತ್ಕೊ ಸುಮ್ನೆ," ಎಂದು ನರ್ಸಮ್ಮ ಗದರಿದರು.

ತೆಪ್ಪಗೆ ಬಂದು ಕುಳಿತೆ. ನನ್ನ ಹೆತ್ತಮ್ಮ ಇನ್ನೂ ಒಮ್ಮೆಯೂ ನನ್ನನ್ನು ಹಾಗೆ ಕರೆದಿಲ್ಲ. ಸೂಜಿ ಮಾತ್ರ ಚೆನ್ನಾಗಿಯೇ ನೋಯಿತು.